ನಿನೆವೆಗೆ 40 ದಿನ: ನ್ಯಾಯತೀರ್ಪಿನ ಪ್ರಸಂಗ ಹೇಗೆ ಮಾಡುವುದು?

ಮೂಡಿಗೆರೆಯ ಸಭಾ ಹಿರಿಯ:

ಎಲ್ಲರಿಗೂ ವಂದನೆ. ನಾನು ಪಾಸ್ಟರ್ ಅಲ್ಲ. ಬೈಬಲ್ ಕಾಲೇಜಿನ ಮೆಟ್ಟಿಲು ಹತ್ತಿದವನೂ ಅಲ್ಲ. ಕಾಫಿ ತೋಟದಲ್ಲಿ ರೈಟರ್ ಕೆಲಸ. ನಮ್ಮದು ಸಣ್ಣ ಸಭೆ, ಅಯ್ಯನವರು ಮೂರು ಊರು ನೋಡಿಕೊಳ್ಳಬೇಕು, ಹಾಗಾಗಿ ತಿಂಗಳಲ್ಲಿ ಎರಡು ಭಾನುವಾರ ಸಭೆಯ ಹಿರಿಯರೇ ಪ್ರಸಂಗ ಮಾಡುತ್ತೇವೆ. ಮುಂದಿನ ತಿಂಗಳು ನನ್ನ ಸರದಿ. ಕೊಟ್ಟಿರುವ ಭಾಗ ಯೋನನ ಪುಸ್ತಕದ 3 ಮತ್ತು 4ನೇ ಅಧ್ಯಾಯ.

ನಿನೆವೆಗೆ ಹೋಗು ಎಂದ ದೇವರಿಂದ ಓಡಿಹೋಗಿ ಪ್ರವಾದಿ ಯೋನ ಮೀನಿನ ಹೊಟ್ಟೆ ಸೇರಿದ ಕಥೆ ಸಂಡೇ ಸ್ಕೂಲ್ ಮಕ್ಕಳಿಗೂ ಬಾಯಿಪಾಠ. ನನಗೆ ಕಷ್ಟ ಆಗಿರುವುದು ಮೀನು ಅವನನ್ನು ದಡಕ್ಕೆ ಕಕ್ಕಿದ ಮೇಲಿನ ಭಾಗ. ಯೋನ ನಿನೆವೆಗೆ ಹೋಗುತ್ತಾನೆ. ಒಂದು ದಿನದ ದಾರಿ ನಡೆಯುತ್ತಾನೆ. ಇನ್ನು 40 ದಿನಕ್ಕೆ ಈ ಊರು ಬುಡಮೇಲಾಗುತ್ತದೆ ಎಂದು ಕೂಗುತ್ತಾನೆ. ಅಷ್ಟೇ ಅವನ ಪ್ರಸಂಗ. ರಾಜನಿಂದ ಹಿಡಿದು ದನಕರುಗಳವರೆಗೆ ಇಡೀ ಊರು ಪಶ್ಚಾತ್ತಾಪದ ಗುರುತಾಗಿ ಗೋಣಿತಟ್ಟು ಸುತ್ತಿಕೊಳ್ಳುತ್ತದೆ. ದೇವರು ತರುತ್ತೇನೆಂದ ಕೇಡನ್ನು ತರುವುದಿಲ್ಲ. ಪ್ರಸಂಗ ಮಾಡಿದವನಿಗೆ ಮಾತ್ರ ಸಿಟ್ಟು, ಸಾಯುವಷ್ಟು ಸಿಟ್ಟು.

ನಾನು ಇಲ್ಲಿಯವರೆಗೆ ಕೇಳಿರುವುದು ಎರಡೇ ಥರದ ಪ್ರಸಂಗ. ನನಗೆ ಹನ್ನೊಂದು ವರ್ಷ ಇದ್ದಾಗ ಊರಿಗೆ ಉಜ್ಜೀವನ ಕೂಟಕ್ಕೆ ಒಬ್ಬರು ಬಂದಿದ್ದರು. ಮೂರು ರಾತ್ರಿ ಬರೀ ನರಕ, ಬೆಂಕಿ, ಕರ್ತನ ಬರೋಣ, ಅಂದರೆ ಯೇಸು ಮತ್ತೆ ಬಂದು ನಂಬಿದವರನ್ನು ಮೇಲಕ್ಕೆ ಎತ್ತಿಕೊಳ್ಳುವ ದಿನ. ಅದಾದ ಮೇಲೆ ಎಷ್ಟೋ ತಿಂಗಳು ನಾನು ನಡುರಾತ್ರಿ ಎದ್ದು, ಅಪ್ಪ ಅಮ್ಮ ಪಕ್ಕದಲ್ಲಿ ಇದ್ದಾರಾ ಅಥವಾ ನನ್ನೊಬ್ಬನನ್ನೇ ಬಿಟ್ಟು ಮೇಲಕ್ಕೆ ಎತ್ತಲ್ಪಟ್ಟರಾ ಎಂದು ಕತ್ತಲಲ್ಲಿ ಚಾಪೆ ತಡವಿ ನೋಡುತ್ತಿದ್ದೆ. ಈಗ ಕೇಳುವುದು ಪೂರ್ತಿ ಬೇರೆ. ಆಶೀರ್ವಾದ, ಬಿಡುಗಡೆ, ಸಾಲ ತೀರುತ್ತದೆ, ವೀಸಾ ಬರುತ್ತದೆ. ನ್ಯಾಯತೀರ್ಪು ಅನ್ನುವ ಮಾತೇ ಇಲ್ಲ. ಮೊದಲನೆಯದು ನನ್ನನ್ನು ಹೆದರಿಸಿತು, ಎರಡನೆಯದರಿಂದ ನನಗೆ ಏನೂ ಆಗುವುದಿಲ್ಲ. ನಮ್ಮ ಸಭೆಯಲ್ಲಿ ಸುಮಾರು 40 ಜನ ಕೂರುತ್ತಾರೆ. ಅವರ ಮುಂದೆ ಆ 40 ದಿನದ ಮಾತನ್ನು, ಯೋನ 3:4 ಅನ್ನು, ಹೇಗೆ ಹೇಳಲಿ? ದಯವಿಟ್ಟು ತಿಳಿದವರು ಹೇಳಿ. ನೋಟ್ಸ್ ಕಳಿಸುವುದು ಬೇಡ, ನೀವು ಏನು ನಂಬಿದ್ದೀರಿ ಅದನ್ನು ಹೇಳಿ.

ನಿವೃತ್ತ ಸಭಾಪಾಲಕ, ಉಡುಪಿ:

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದ್ದೀಯ. 34 ವರ್ಷ ಪ್ರಸಂಗಪೀಠದಲ್ಲಿ ನಿಂತವನು ನಾನು, ಅದರಲ್ಲಿ ಮೊದಲ ಹತ್ತು ವರ್ಷ ಈ ಪುಸ್ತಕವನ್ನು ತಪ್ಪಾಗಿಯೇ ಬೋಧಿಸಿದೆ.

ಯೋನನ ಪ್ರಸಂಗ ಹೀಬ್ರೂ ಭಾಷೆಯಲ್ಲಿ ಐದೇ ಪದ. ಅದರಲ್ಲಿ "ಒಂದು ವೇಳೆ ನೀವು ತಿರುಗಿಕೊಂಡರೆ" ಎಂಬುದಿಲ್ಲ. ದೇವರ ಹೆಸರೂ ಇಲ್ಲ. ಏನು ಪಾಪ ಮಾಡಿದ್ದೀರಿ ಎಂದೂ ಇಲ್ಲ. ಆದರೆ ಒಂದು ಇದೆ ನೋಡು. 40 ದಿನ ಇದೆ. ಕೊಂದೇ ಹಾಕಬೇಕೆಂದು ಇರುವವನು ತಾರೀಖು ಯಾಕೆ ಹೇಳಿ ಕಳಿಸುತ್ತಾನೆ? ದೇವರು ಬೆಂಕಿ ಸುರಿಸಿ ಕೆಡವಿದ ಸೊದೋಮಿನ ಬೀದಿಯಲ್ಲಿ ಯಾರೂ ನಿಂತು ದಿನ ಎಣಿಸಲಿಲ್ಲ. ನಿನೆವೆಗೆ ಎಣಿಸಿದರು.

ಮಳೆಗಾಲದಲ್ಲಿ ಅಣೆಕಟ್ಟಿನ ಗೇಟು ತೆಗೆಯುವ ಮುಂಚೆ ಹೊಳೆದಂಡೆಯ ಊರುಗಳಲ್ಲಿ ಡಂಗುರ ಹೊಡೆಸುತ್ತಿದ್ದರಲ್ಲ, ಈಗ ಆಟೋದಲ್ಲಿ ಮೈಕು ಕಟ್ಟಿ ಹೇಳುತ್ತಾರೆ. ಅದನ್ನು ಕೇಳಿದ ಯಾರೂ ಇವರು ನಮ್ಮನ್ನು ಮುಳುಗಿಸಲು ಬಂದಿದ್ದಾರೆ ಅನ್ನುವುದಿಲ್ಲ. ಯೆರೆಮೀಯ 18ರಲ್ಲಿ, ಕುಂಬಾರನ ಮನೆಯ ಭಾಗದಲ್ಲಿ, ದೇವರು ಇದನ್ನು ನೇರವಾಗಿಯೇ ಹೇಳುತ್ತಾನೆ. ಒಂದು ಜನಾಂಗವನ್ನು ಕಿತ್ತುಹಾಕುತ್ತೇನೆ ಎಂದು ನಾನು ಹೇಳಿದಾಗ ಆ ಜನ ಕೆಟ್ಟದ್ದನ್ನು ಬಿಟ್ಟರೆ ನಾನೂ ಆ ಕೇಡನ್ನು ಬಿಡುತ್ತೇನೆ ಎಂದು. ಬಾಯಿಬಿಟ್ಟು ಹೇಳದಿದ್ದರೂ ಆ "ಬಿಟ್ಟರೆ" ಪ್ರತಿಯೊಂದು ಎಚ್ಚರಿಕೆಯ ಒಳಗೆ ಕೂತಿದೆ.

ಆದ್ದರಿಂದ ಮೊದಲು ನ್ಯಾಯತೀರ್ಪು, ಆಮೇಲೆ ಕೃಪೆ ಎಂದು ಎರಡು ಭಾಗ ಮಾಡಬೇಡ. ಅರ್ಧ ಗಂಟೆ ಹೆದರಿಸಿ ಕೊನೆಯ ಐದು ನಿಮಿಷ ಸಮಾಧಾನ ಹೇಳುವುದು ನಾನು ಮಾಡಿದ ತಪ್ಪು. ಎಚ್ಚರಿಕೆ ಕೊಡುವುದೇ ಕೃಪೆ.

ಹುಬ್ಬಳ್ಳಿಯ ಒಬ್ಬ ಅಕ್ಕ:

ಅಯ್ಯನವರೇ, ನಿಮ್ಮ ಡಂಗುರದ ಮಾತು ಓದಿ ಎರಡು ದಿನ ಸುಮ್ಮನಿದ್ದೆ. ಇವತ್ತು ಬರೆಯುತ್ತಿದ್ದೇನೆ.

ನನ್ನ ತಮ್ಮ ಕುಡಿತದಿಂದ ತೀರಿಕೊಂಡ. 36 ವರ್ಷ. ಕೊನೆಯ ಎರಡು ವರ್ಷ ಬಿಡಬೇಕೆಂದು ಎಷ್ಟು ಒದ್ದಾಡಿದ ಎಂದು ನನಗೆ ಗೊತ್ತು, ರಾತ್ರಿ ನಡುಗುತ್ತಾ ನನ್ನ ಕೈ ಹಿಡಿದುಕೊಂಡು ಅಕ್ಕಾ ಪ್ರಾರ್ಥನೆ ಮಾಡು ಅನ್ನುತ್ತಿದ್ದ. ಮಣ್ಣು ಕೊಡುವ ದಿನ ಸಮಾಧಿಯ ಹತ್ತಿರ ನಿಂತು ಬೋಧಕರು ಹೇಳಿದ ಮಾತು, ಪಾಪದ ಸಂಬಳ ಮರಣ, ಇದನ್ನು ನೋಡಿ ಉಳಿದವರು ಬುದ್ಧಿ ಕಲಿಯಿರಿ. ನಮ್ಮವ್ವ ಅಲ್ಲೇ ಇದ್ದಳು. ಅವಳ ಕೈಯಲ್ಲಿ ಹಾಕಲು ತಂದಿದ್ದ ಹಿಡಿ ಮಣ್ಣು ಹಾಗೇ ಇತ್ತು.

ರೋಮಾಪುರದವರಿಗೆ ಬರೆದ ಆ ವಾಕ್ಯದ ಇನ್ನರ್ಧ ದೇವರ ಉಚಿತಾರ್ಥ ವರವು ನಿತ್ಯಜೀವ ಎಂದಿದೆ. ಒಂದೇ ವಾಕ್ಯ ಅದು. ಅವರು ಅರ್ಧಕ್ಕೆ ನಿಲ್ಲಿಸಿದರು. ನಾನು ಆರು ವರ್ಷ ಆರಾಧನೆಗೆ ಹೋಗಲಿಲ್ಲ. ಈಗ ಮನೆಯಲ್ಲಿ ಸತ್ಯವೇದ ಓದುತ್ತೇನೆ, ಅಷ್ಟೇ.

ನಾನು ಹೇಳುವುದು ಇಷ್ಟು. ಡಂಗುರ ಹೊಡೆಯುವವರು ನೀರು ಬರುವ ಮುಂಚೆ ಬರಬೇಕು. ಹೆಣದ ಮುಂದೆ ನಿಂತು ಹೊಡೆಯುವುದು ಡಂಗುರ ಅಲ್ಲ. ಲೂಕ 13ರಲ್ಲಿ ಯೇಸು ತಾವೇ ಇದನ್ನು ಕೇಳಿದರು. ಸಿಲೋವದ ಬುರುಜು ಬಿದ್ದು 18 ಜನ ಸತ್ತರಲ್ಲ, ಅವರು ಉಳಿದವರಿಗಿಂತ ಜಾಸ್ತಿ ಪಾಪಿಗಳಾ? ಯೇಸು ಇಲ್ಲ ಅಂದರು. ಸತ್ತವರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬದುಕಿ ಎದುರಿಗೆ ನಿಂತಿದ್ದವರಿಗೆ ನೀವು ತಿರುಗಿಕೊಳ್ಳಿ ಎಂದರು. ಪ್ರಸಂಗ ಮಾಡುವವರು ಇದನ್ನು ದಯಮಾಡಿ ಕಲಿಯಿರಿ.

ಮೂಡಿಗೆರೆಯ ಸಭಾ ಹಿರಿಯ:

ಅಕ್ಕಾ, ಓದಿ ತುಂಬಾ ನೋವಾಯಿತು. ನಿಮ್ಮ ಅವ್ವನ ಕೈಯಲ್ಲಿ ಉಳಿದ ಮಣ್ಣು ಕಣ್ಣಿಂದ ಹೋಗುತ್ತಿಲ್ಲ. ನಾನು ಕೂಡ ಮೂರು ಸಲ ಮಣ್ಣಿನಲ್ಲಿ ಮಾತಾಡಿದ್ದೇನೆ. ಏನು ಹೇಳಿದೆ ಎಂದು ಈಗ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದೇನೆ.

ಲೂಕ 13ರಲ್ಲಿ ನೀವು ಹೇಳಿದ ಭಾಗದ ಮುಂದೆಯೇ ಅಂಜೂರದ ಗಿಡದ ಸಾಮ್ಯ ಇದೆ. ಮೂರು ವರ್ಷದಿಂದ ಫಲ ಇಲ್ಲ, ಕಡಿದುಹಾಕು ಅನ್ನುತ್ತಾನೆ ಯಜಮಾನ. ತೋಟ ನೋಡುವವನು, ಈ ಒಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅನ್ನುತ್ತಾನೆ. ಇದು ನನಗೆ ದಿನಾ ನೋಡುವ ವಿಷಯ. ತೋಟದಲ್ಲಿ ಬರಡು ಗಿಡಕ್ಕೆ ಗುರುತು ಹಾಕುವುದು ನಾನೇ. ಆದರೆ ಗುರುತು ಹಾಕಿದ ಗಿಡದ ಬುಡ ಅಗೆಯುವವನು ಬಗ್ಗಲೇಬೇಕು. ನಿಂತುಕೊಂಡು ಆಗುವ ಕೆಲಸ ಅಲ್ಲ.

ಸೆಮಿನರಿ ವಿದ್ಯಾರ್ಥಿನಿ, ಬೆಂಗಳೂರು:

ಅಣ್ಣಾ, ನೀವು ಬುಡಮೇಲು ಎಂಬ ಪದ ಬಳಸಿದ್ದೀರಿ. ಅದನ್ನು ಬಿಡಬೇಡಿ. ನಾನು ಎರಡನೇ ವರ್ಷದ ಹೀಬ್ರೂ ಕಲಿಯುತ್ತಿದ್ದೇನೆ, ಈ ಒಂದು ಪದದ ಹಿಂದೆ ಒಂದು ವಾರ ಕಳೆದೆ.

ಯೋನ ಕೂಗಿದ ಐದನೇ ಪದ "ನೆಹ್ಪಾಖೆತ್". ಅದರ ಮೂಲ "ಹಾಫಖ್", ಮಗುಚು, ತಿರುವಿ ಹಾಕು ಎಂದು ಅರ್ಥ. ಆದಿಕಾಂಡ 19ರಲ್ಲಿ ದೇವರು ಸೊದೋಮನ್ನು ಕೆಡವಿದ ಎನ್ನುವಾಗ ಇದೇ ಪದ. ಅಂದರೆ ಯೋನನ ಮನಸ್ಸಿನಲ್ಲಿ ಇದ್ದದ್ದು ಸೊದೋಮಿನ ಗತಿ. ಆದರೆ ಇದೇ ಪದವನ್ನು ಮನಸ್ಸು ತಿರುಗುವುದಕ್ಕೂ ಬಳಸುತ್ತಾರೆ. 1 ಸಮುವೇಲ 10ರಲ್ಲಿ ದೇವರು ಸೌಲನಿಗೆ ಬೇರೆ ಹೃದಯ ಕೊಟ್ಟ ಎನ್ನುವಲ್ಲಿಯೂ ಇದೇ ಮೂಲ. ಹಾಗಾಗಿ 40 ದಿನದಲ್ಲಿ ನಿನೆವೆ ನಿಜವಾಗಿಯೂ ಬುಡಮೇಲಾಯಿತು. ರಾಜ ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕೂತ. ಯೋನ ಹೇಳಿದ್ದು ಸುಳ್ಳಾಗಲಿಲ್ಲ, ಅವನು ಅಂದುಕೊಂಡ ಹಾಗೆ ಆಗಲಿಲ್ಲ ಅಷ್ಟೇ.

ಇನ್ನೊಂದು ಕಡೆ ಇದೇ ಪದ ಬರುತ್ತದೆ, ಅದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಹೋಶೇಯ 11:8. ಎಫ್ರಾಯೀಮೇ, ನಿನ್ನನ್ನು ಹೇಗೆ ಕೈಬಿಡಲಿ, ಅದ್ಮಾದ ಹಾಗೆ ನಿನ್ನನ್ನು ಹೇಗೆ ಮಾಡಲಿ ಎಂದು ದೇವರು ತನ್ನ ಇಸ್ರಾಯೇಲ್ ಜನರನ್ನೇ ಎಫ್ರಾಯೀಮ್ ಎಂದು ಕರೆದು ಕೇಳುವ ಭಾಗ. ಅದ್ಮಾ, ಚೆಬೋಯೀಮ್ ಎರಡೂ ಸೊದೋಮಿನ ಜೊತೆ ಕೆಡವಲ್ಪಟ್ಟ ಊರುಗಳು ಎಂದು ಧರ್ಮೋಪದೇಶಕಾಂಡ 29 ಹೇಳುತ್ತದೆ. ಆ ಊರುಗಳ ಹೆಸರು ಹೇಳಿದ ಬಾಯಲ್ಲೇ ದೇವರು, ನನ್ನ ಹೃದಯ ನನ್ನೊಳಗೆ ಮಗುಚಿಬಿದ್ದಿದೆ ಅನ್ನುತ್ತಾನೆ. ಅದೇ ಪದ. ಊರು ಬುಡಮೇಲಾಗಬೇಕಾದ ಜಾಗದಲ್ಲಿ ದೇವರ ಹೃದಯ ಬುಡಮೇಲಾಗುತ್ತದೆ. ನನಗೆ ಶಿಲುಬೆ ಅರ್ಥವಾಗಲು ಶುರುವಾದದ್ದು ಈ ವಾಕ್ಯದಿಂದ.

ಇದರ ಜೊತೆ ಕೇಡು ಎಂಬ ಪದವನ್ನೂ ನೋಡಿ. ಹೀಬ್ರೂವಿನ "ರಾಆ" ಈ ಪುಸ್ತಕದಲ್ಲಿ ಮೂರು ಥರ ಬರುತ್ತದೆ. ನಿನೆವೆ ಮಾಡಿದ್ದು ಕೇಡು. ದೇವರು ತರುತ್ತೇನೆಂದದ್ದು ಕೇಡು. 4:1ರಲ್ಲಿ ದೇವರು ಕ್ಷಮಿಸಿದ್ದು ಯೋನನಿಗೆ ದೊಡ್ಡ ಕೇಡಾಗಿ ಕಂಡಿತು. ಕನ್ನಡದ ಕೇಡು ಎಂಬ ಒಂದೇ ಪದ ಈ ಮೂರನ್ನೂ ಹಿಡಿಯುತ್ತದೆ. ನೀವು ಓದುವಾಗ ಮೂರು ಕಡೆಯೂ ಕೇಡು ಎಂದೇ ಓದಿದರೆ ಜನರ ಕಿವಿಗೆ ತಾನಾಗಿಯೇ ಬೀಳುತ್ತದೆ.

ಹುಬ್ಬಳ್ಳಿಯ ಒಬ್ಬ ಅಕ್ಕ:

ತಂಗಿ, ಹೋಶೇಯ 11 ಈಗ ತೆಗೆದು ಓದಿದೆ. ಮೊದಲ ವಾಕ್ಯಗಳಲ್ಲಿ ಎಫ್ರಾಯೀಮನಿಗೆ ಕೈ ಹಿಡಿದು ನಡೆಯಲು ಕಲಿಸಿದೆ ಎಂದಿದೆ. ನಾನೂ ತಮ್ಮನಿಗೆ ಹಾಗೇ ಕಲಿಸಿದ್ದು.

ಬೀದರಿನಿಂದ:

ಎಲ್ಲರದ್ದೂ ಓದಿದೆ. ಒಳ್ಳೆಯ ಮಾತುಗಳು. ಆದರೆ ನನಗೆ ಒಂದು ಕಡೆ ಚುಚ್ಚುತ್ತಿದೆ, ಹೇಳಿಬಿಡುತ್ತೇನೆ.

ನೀವೆಲ್ಲ ನ್ಯಾಯತೀರ್ಪು ಎಂದರೆ ಹೆದರಿಕೆಯ ವಿಷಯ, ಅದನ್ನು ಹೇಗೆ ಮೆತ್ತಗೆ ಹೇಳುವುದು ಎಂದು ಮಾತಾಡುತ್ತಿದ್ದೀರಿ. ನಮ್ಮ ಮನೆಯಲ್ಲಿ ಅದು ಹೆದರಿಕೆಯ ವಿಷಯ ಆಗಿರಲೇ ಇಲ್ಲ. ನಮ್ಮ ಮುತ್ತಜ್ಜ, ಅಜ್ಜ ಇಬ್ಬರೂ ಸಾಹುಕಾರನ ಹೊಲದಲ್ಲಿ ಜೀತಕ್ಕೆ ಇದ್ದವರು. ಜೀತ ರದ್ದು ಮಾಡಿದ ಕಾನೂನು ಬಂದದ್ದು 1976ರಲ್ಲಿ, ಅಜ್ಜ ಬಿಡುಗಡೆಯಾದದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ. ಕ್ರಿಸ್ತನ ಬಳಿ ಬಂದ ದಲಿತರಿಗೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಎಂಬ ಗುರುತೂ ಇಲ್ಲ. ಅಜ್ಜನಿಗೆ ಓದಲು ಬರುತ್ತಿರಲಿಲ್ಲ, ಆದರೆ 96ನೇ ಕೀರ್ತನೆ ಬಾಯಿಪಾಠ ಬರುತ್ತಿತ್ತು. ಹೊಲಗಳು ಹಿಗ್ಗಲಿ, ಕಾಡಿನ ಮರಗಳೆಲ್ಲ ಹಾಡಲಿ, ಯಾಕೆಂದರೆ ಆತನು ನ್ಯಾಯತೀರಿಸಲು ಬರುತ್ತಾನೆ. ತೀರ್ಪು ಬರುತ್ತದೆ ಎಂದು ಮರಗಳು ಹಾಡುತ್ತವೆ. ಹೊಲ ಹಿಗ್ಗುತ್ತದೆ. ಯಾರ ಬೆವರು ಬಿದ್ದಿದೆ ಎಂದು ಹೊಲಕ್ಕೆ ಗೊತ್ತಲ್ವಾ.

ಈಗ ನಿನೆವೆಗೆ ಬನ್ನಿ. ಅದು ಬರೀ ಪಾಪಿಗಳ ಊರಲ್ಲ, ಅಶ್ಶೂರ ಸಾಮ್ರಾಜ್ಯದ ದೊಡ್ಡ ಪಟ್ಟಣ. ಅಶ್ಶೂರದವರು ಕ್ರಿಸ್ತಪೂರ್ವ 722ರ ಹೊತ್ತಿಗೆ ಇಸ್ರಾಯೇಲರ ಉತ್ತರ ರಾಜ್ಯದ ರಾಜಧಾನಿ ಸಮಾರ್ಯವನ್ನು ಮುಗಿಸಿ ಜನರನ್ನು ಹಿಡಿದು ದೇಶದಾಚೆ ಒಯ್ದರು. 701ರಲ್ಲಿ ಅವರ ರಾಜ ಸನ್ಹೇರೀಬ ಯೆಹೂದದ ಲಾಕೀಷ್ ಪಟ್ಟಣವನ್ನು ಹಿಡಿದ. ಅದರ ಚಿತ್ರವನ್ನು ನಿನೆವೆಯ ತನ್ನ ಅರಮನೆಯ ಗೋಡೆಗೆ ಕೆತ್ತಿಸಿಕೊಂಡ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಫೋಟೋ ನೋಡಿ. ಶೂಲಕ್ಕೆ ಏರಿಸಿದ ಗಂಡಸರು ಇದ್ದಾರೆ. ಎತ್ತಿನ ಬಂಡಿಯಲ್ಲಿ ಗಂಟುಮೂಟೆ ಹೇರಿಕೊಂಡು ಹೋಗುವ ಸಂಸಾರಗಳು ಇವೆ, ಬಂಡಿಯ ಮೇಲೆ ಮಕ್ಕಳು ಕೂತಿವೆ. ಇದನ್ನು ಅನುಭವಿಸಿದ ಜನರ ಕೈಗೆ ಯೋನನ ಪುಸ್ತಕ ಬಂದಾಗ ಅವರ ಹೊಟ್ಟೆಯಲ್ಲಿ ಏನಾಗಿರಬೇಡ? ಯೋನನ ಸಿಟ್ಟನ್ನು ಸಣ್ಣತನ ಎಂದು ಹೇಳುವ ಪ್ರಸಂಗ ನಾನು ಬಹಳ ಕೇಳಿದ್ದೇನೆ. ಹೇಳುವವರು ಯಾರೂ ಬಂಡಿಯ ಮೇಲೆ ಕೂತವರಲ್ಲ.

ಇನ್ನೊಂದು. ನಿನೆವೆಯ ರಾಜ ಬರೀ ಉಪವಾಸ ಮಾಡಿ ಎನ್ನಲಿಲ್ಲ. 3:8ರಲ್ಲಿ ಪ್ರತಿಯೊಬ್ಬನೂ ತನ್ನ ಕೈಯಲ್ಲಿರುವ ಹಿಂಸೆಯನ್ನು ಬಿಡಲಿ ಎಂದ. ಕೈಯಲ್ಲಿ. ಲೂಕ 19ರಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನಿಗೆ ಕೃಪೆ ಸಿಕ್ಕಿತು, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದು ಎದ್ದು ನಿಂತ. ನಾಲ್ಕರಷ್ಟು ಬೇಡ, ಕೈಯಲ್ಲಿರುವುದನ್ನು ಕೆಳಗೆ ಇಡದ ಸಾಹುಕಾರನಿಗೆ ದೇವರು ನಿನ್ನನ್ನು ಕ್ಷಮಿಸಿದ್ದಾನೆ ಎಂದು ಯಾವ ಬೋಧಕನಾದರೂ ಹೇಳಿದರೆ ನನ್ನ ಅಜ್ಜನ ಮುಂದೆ ಅವನು ಏನು ಉತ್ತರ ಕೊಡುತ್ತಾನೆ?

ನಿವೃತ್ತ ಸಭಾಪಾಲಕ, ಉಡುಪಿ:

ಬೀದರಿನ ಸಹೋದರರೇ, ನೀವು ಹೇಳಿದ್ದನ್ನು ನಾನು 34 ವರ್ಷದಲ್ಲಿ ಒಂದು ಸಲವೂ ಪ್ರಸಂಗಪೀಠದಿಂದ ಹೇಳಲಿಲ್ಲ. 96ನೇ ಕೀರ್ತನೆಯನ್ನು ಎಷ್ಟೋ ಕ್ರಿಸ್ಮಸ್ಸಿಗೆ ಓದಿಸಿದ್ದೇನೆ. ಆ ಕೊನೆಯ ವಾಕ್ಯದ ಮೇಲೆ ನಿಲ್ಲಲಿಲ್ಲ.

ಮೇಲೆ ನಾನು ಎಚ್ಚರಿಕೆಯೇ ಕೃಪೆ ಎಂದೆ. ಅದು ನಿನೆವೆಯವರ ಕಡೆಯಿಂದ ನೋಡಿದಾಗ. ಬಂಡಿಯ ಮೇಲೆ ಕೂತ ಮಗುವಿನ ಕಡೆಯಿಂದ ನೋಡಿದರೆ ತೀರ್ಪೇ ಕೃಪೆ. ವಿದ್ಯಾರ್ಥಿನಿ ತಂಗಿಗೂ ಒಂದು ಮಾತು. ನೀನು ಪದದ ಬಗ್ಗೆ ಹೇಳಿದ್ದು ಬಹಳ ಚೆನ್ನಾಗಿದೆ, ಆದರೆ ಆ ಪದದಲ್ಲಿ ತೀರ್ಪು ಕರಗಿಹೋಗದ ಹಾಗೆ ನೋಡಿಕೋ. ನಿನೆವೆ ಕೊನೆಗೆ ಬಿದ್ದೇಬಿತ್ತು. ಕ್ರಿಸ್ತಪೂರ್ವ 612ರಲ್ಲಿ ಬಾಬೆಲಿನವರೂ ಮೇದ್ಯರೂ ಸೇರಿ ಕೆಡವಿದರು. ಸತ್ಯವೇದದಲ್ಲಿ ಅದಕ್ಕೂ ಒಂದು ಪುಸ್ತಕ ಇದೆ, ನಹೂಮ. ನಾವು ಅದನ್ನು ತೆರೆಯುವುದೇ ಇಲ್ಲ.

ವಿಮೋಚನಕಾಂಡ 34ರಲ್ಲಿ ದೇವರು ಮೋಶೆಯ ಮುಂದೆ ಹಾದುಹೋಗುತ್ತಾ ತನ್ನ ಗುಣವನ್ನು ತಾನೇ ಹೇಳಿಕೊಂಡ. ಕನಿಕರ ಉಳ್ಳವನು, ಬೇಗ ಸಿಟ್ಟಾಗದವನು, ಬಹಳ ಪ್ರೀತಿಯುಳ್ಳವನು, ಆದರೆ ಅಪರಾಧಿಯನ್ನು ನಿರಪರಾಧಿ ಎಂದು ಬಿಡದವನು. ಯೋನ 4:2ರಲ್ಲಿ ಮೊದಲ ಅರ್ಧವನ್ನು ಹಿಡಿದು ದೂರುತ್ತಾನೆ, ನೀನು ಹೀಗೆಂದು ನನಗೆ ಮೊದಲೇ ಗೊತ್ತಿತ್ತು ಎಂದು. ನಹೂಮ 1:3ರಲ್ಲಿ ಬೇಗ ಸಿಟ್ಟಾಗದವನು ಎಂಬ ಮಾತು ಇಟ್ಟುಕೊಂಡು, ಆದರೂ ಅಪರಾಧಿಯನ್ನು ಬಿಡುವವನಲ್ಲ ಎಂದು ಮುಂದುವರಿಸುತ್ತಾನೆ. ಒಂದೇ ಊರು, ಒಂದೇ ಮೂಲ ವಾಕ್ಯ, ಇಬ್ಬರು ಪ್ರವಾದಿಗಳು. ಅಕ್ಕ ಹೇಳಿದ ಸಮಾಧಿಯ ಬೋಧಕರು ಅರ್ಧ ವಾಕ್ಯ ಹೇಳಿದರು. ಆಶೀರ್ವಾದದ ಬೋಧಕರು ಇನ್ನರ್ಧ ಹೇಳುತ್ತಾರೆ.

ಬೆಳ್ತಂಗಡಿಯವ:

ನಾನು ಸಿರೋ ಮಲಬಾರ್ ಸಭೆಯವನು, ಕೇರಳ ಮೂಲದ ಕಥೋಲಿಕ ಸಭೆ ಅದು. ನಮ್ಮ ಅಜ್ಜ ಕೋಟ್ಟಯಂ ಕಡೆಯಿಂದ ಬಂದು ಇಲ್ಲಿ ರಬ್ಬರ್ ಹಾಕಿದವರು. ನಿಮ್ಮ ಚರ್ಚೆಯಲ್ಲಿ ನಿನೆವೆ ಯಾರದೋ ಊರು ಎಂಬ ಹಾಗೆ ಇದೆ. ನಮಗೆ ಅದು ಹಾಗಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಈಸ್ಟರಿಗೆ ಮುಂಚಿನ ದೊಡ್ಡ ತಪಸ್ಸುಕಾಲಕ್ಕೆ ಸುಮಾರು ಮೂರು ವಾರ ಮುಂಚೆ ನಾವು ಮೂರು ದಿನ ಉಪವಾಸ ಮಾಡುತ್ತೇವೆ. ಮಲಯಾಳದಲ್ಲಿ ಮೂನ್ನು ನೋಂಬು ಅನ್ನುತ್ತಾರೆ, ಮೂರು ದಿನದ ಉಪವಾಸ ಎಂದೇ ಅರ್ಥ. ನಿನೆವೆಯವರ ಉಪವಾಸದ ನೆನಪು ಅದು. ಕೇರಳದ ಕುರವಿಲಂಗಾಡಿನ ದೇವಾಲಯದಲ್ಲಿ ಆ ಸಮಯದಲ್ಲಿ ಮರದ ಹಡಗನ್ನು ಹೊತ್ತು ಮೆರವಣಿಗೆ ಮಾಡುತ್ತಾರೆ. ಬಿರುಗಾಳಿಗೆ ಸಿಕ್ಕ ಹಾಗೆ ಅದನ್ನು ಅತ್ತಿತ್ತ ತೂಗಾಡಿಸುತ್ತಾರೆ. ಚಿಕ್ಕವನಿದ್ದಾಗ ಅಜ್ಜನ ಹೆಗಲ ಮೇಲೆ ಕೂತು ನೋಡಿದ್ದೇನೆ.

ಈ ಉಪವಾಸ ನಮಗೆ ಬಂದದ್ದು ಇರಾಕ್, ಸಿರಿಯಾ ಕಡೆಯ ಸುರಿಯಾನಿ ಸಭೆಗಳಿಂದ. ನಿನೆವೆ ಇದ್ದ ಜಾಗ ಈಗಿನ ಮೋಸುಲ್ ನಗರದಲ್ಲಿದೆ. ಅದರ ಸುತ್ತಲಿನ ಬಯಲಿನ ಕ್ರೈಸ್ತರು ಇಂದಿಗೂ ಈ ಮೂರು ದಿನ ಹಿಡಿಯುತ್ತಾರೆ. 373ರಲ್ಲಿ ತೀರಿಕೊಂಡ ಸಂತ ಎಫ್ರೇಮರು ನಿನೆವೆಯ ಮಾನಸಾಂತರದ ಮೇಲೆ ಸುರಿಯಾನಿಯಲ್ಲಿ ಉದ್ದನೆಯ ಪದ್ಯ ಬರೆದಿದ್ದಾರೆ. ಯೋಚಿಸಿ ನೋಡಿ. ಆ ಊರಿನವರೇ ವರ್ಷ ವರ್ಷ, ನಾವು ಸಾಯಬೇಕಾಗಿತ್ತು, ಉಳಿಸಿದರು ಎಂದು ನೆನೆಯುತ್ತಾರೆ. ಯೋನನ ಗುಡಿಸಲಲ್ಲಿ ಕೂತು ಊರನ್ನು ನೋಡುವುದಿಲ್ಲ, ಊರೊಳಗಿಂದ ಈ ಪುಸ್ತಕ ಓದುತ್ತಾರೆ. ಯೆಹೂದ್ಯರು ತಮ್ಮ ದೋಷಪರಿಹಾರದ ದಿನದ ಮಧ್ಯಾಹ್ನ ಇಡೀ ಪುಸ್ತಕ ಓದುತ್ತಾರೆ, ಅವರೂ ಅಂದು ತಮ್ಮ ತಪ್ಪಿಗೆ ಉಪವಾಸ ಕೂತಿರುತ್ತಾರೆ.

2014ರ ಜುಲೈಯಲ್ಲಿ ಐಸಿಸ್ ಉಗ್ರರು ಮೋಸುಲಿನ ಕ್ರೈಸ್ತರನ್ನು ಮನೆಗಳಿಂದ ಓಡಿಸಿದರು. ಯೋನನದೆಂದು ನಂಬಿದ್ದ ಸಮಾಧಿಯನ್ನೂ ಅದೇ ತಿಂಗಳು ಸ್ಫೋಟಿಸಿದರು. ಮುಸ್ಲಿಮರೂ ಕ್ರೈಸ್ತರೂ ಗೌರವಿಸುತ್ತಿದ್ದ ಜಾಗ ಅದು. ಅಂಥ ಹೊತ್ತಿನಲ್ಲಿ ಡೇರೆಗಳಲ್ಲಿ ಕೂತವರು ನಿನೆವೆಯ ಉಪವಾಸ ಹಿಡಿದರೆ, ಬೀದರಿನ ಅಣ್ಣ ಹೇಳಿದ ಬಂಡಿಯ ಮೇಲೆ ಕೂತವರೂ ಅವರೇ, ಗೋಣಿತಟ್ಟು ಉಟ್ಟವರೂ ಅವರೇ ಅಲ್ವಾ. ಇದನ್ನು ಹೇಗೆ ಬಿಡಿಸಿ ಹೇಳುವುದೋ ನನಗೆ ತಿಳಿಯುವುದಿಲ್ಲ. ನಮ್ಮ ಅಚ್ಚನ್, ಅಂದರೆ ಗುರುಗಳು, ಆ ವರ್ಷ ಪ್ರಬೋಧನೆಯಲ್ಲಿ ಬರೀ ಅಧ್ಯಾಯವನ್ನು ಎರಡು ಸಲ ಓದಿ ಮೊಣಕಾಲೂರಿದರು.

ಬೀದರಿನಿಂದ:

ಬೆಳ್ತಂಗಡಿ ಅಣ್ಣ, ಇದು ನನಗೆ ಗೊತ್ತಿರಲಿಲ್ಲ. ನಿನೆವೆಯವರ ಮೊಮ್ಮಕ್ಕಳು ಉಪವಾಸ ಮಾಡುತ್ತಾರೆ ಎಂದು ಅಜ್ಜನಿಗೆ ಹೇಳಿದ್ದರೆ ಏನನ್ನುತ್ತಿದ್ದರೋ. ಒಂದು ದಿನ ಸಾಹುಕಾರನ ಮೊಮ್ಮಗ ನಮ್ಮ ಮನೆಗೆ ಬಂದು ಕೂತಿದ್ದ. ಹೊಲದ ಕಾಗದ ತಂದಿರಲಿಲ್ಲ, ಸುಮ್ಮನೆ ಕೂತು, ನಮ್ಮವರು ಮಾಡಿದ್ದು ತಪ್ಪು ಎಂದ. ಅಜ್ಜ ನೀರು ಕೊಡಿ ಅವನಿಗೆ ಅಂದರು. ಅಷ್ಟೇ ಹೇಳಿದ್ದು. ಕ್ಷಮಿಸಿದೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಮೂಡಿಗೆರೆಯ ಸಭಾ ಹಿರಿಯ:

ಒಂದು ವಾರದಿಂದ ತೋಟದಲ್ಲಿ ಓಡಾಡುವಾಗಲೆಲ್ಲ ನೀವು ಬರೆದದ್ದೇ ತಲೆಯಲ್ಲಿದೆ. ನಿನ್ನೆ ರಾತ್ರಿ 4ನೇ ಅಧ್ಯಾಯವನ್ನು ಮತ್ತೆ ಓದಿದೆ. ಯೋನ ಊರಿಂದ ಹೊರಗೆ ಹೋಗಿ, ಪೂರ್ವದ ಕಡೆ ಗುಡಿಸಲು ಹಾಕಿಕೊಂಡು, ಊರಿಗೆ ಏನಾಗುತ್ತದೆ ನೋಡೋಣ ಎಂದು ಕೂರುತ್ತಾನೆ. ಇನ್ನೂ ಅವನಿಗೆ ಆಸೆ ಇದೆ. ಬೆಂಕಿ ಬಿದ್ದರೂ ಬೀಳಬಹುದು.

ಆಗ ನನಗೆ ಒಬ್ಬರ ಮುಖ ಕಣ್ಣ ಮುಂದೆ ಬಂತು. ನಮ್ಮ ಸಭೆಯಲ್ಲೇ ಮೂರನೇ ಬೆಂಚಿನಲ್ಲಿ ಕೂರುತ್ತಾರೆ. ಬೇಲಿಯ ವಿಷಯದಲ್ಲಿ ನನ್ನ ಅಪ್ಪನಿಗೆ ಅನ್ಯಾಯ ಮಾಡಿದವರು. ಅಪ್ಪ ಆ ಕೊರಗಲ್ಲೇ ಹೋದರು. ನಾನು ಪ್ರಸಂಗ ಮಾಡುವಾಗಲೆಲ್ಲ, ಪಾಪ ಎಂಬ ಪದ ಬಂದಾಗಲೆಲ್ಲ, ನನ್ನ ಕಣ್ಣು ಆ ಬೆಂಚಿನ ಕಡೆ ಹೋಗುತ್ತದೆ. ಇದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅವರು ಒಂದು ದಿನ ಮುಂದೆ ಬಂದು ಅತ್ತು ಕ್ಷಮೆ ಕೇಳಿದರೆ ನನಗೆ ಸಂತೋಷ ಆಗುತ್ತದಾ ಎಂದು ಕೇಳಿಕೊಂಡೆ. ಆಗುವುದಿಲ್ಲ. ಅವರಿಗೆ ಏನಾದರೂ ಆದರೆ ನನ್ನೊಳಗೆ ಯಾವುದೋ ಒಂದು ಮೂಲೆಗೆ ಸಮಾಧಾನ ಆಗುತ್ತದೆ. ಹನ್ನೊಂದು ವರ್ಷದ ನನ್ನನ್ನು ಹೆದರಿಸಿದ ಬೋಧಕರಿಗೂ ನನಗೂ ಏನು ವ್ಯತ್ಯಾಸ?

ನಾನು ನ್ಯಾಯತೀರ್ಪನ್ನು ಬೋಧಿಸಬಹುದು. ಬೋಧಿಸಲೇಬೇಕು, ಬೀದರಿನ ಅಣ್ಣನ ಅಜ್ಜನಿಗೋಸ್ಕರವಾದರೂ. ಆದರೆ ನಾನು ಹೇಳುವ ಕೇಡು ಆ ಮನುಷ್ಯನ ಮೇಲೆ ಬರದಿರಲಿ ಎಂದು ಮನಸ್ಸಿನಿಂದ ಬೇಡಿಕೊಳ್ಳುವವರೆಗೂ 3:4 ಓದುವ ಹಕ್ಕು ನನಗಿಲ್ಲ ಅನ್ನಿಸುತ್ತಿದೆ. ಯೇಸು ಯೆರೂಸಲೇಮಿಗೆ ಬರುವ ನಾಶನವನ್ನು ಲೂಕ 19ರಲ್ಲಿ ಹೇಳಿದರು, ಅಳುತ್ತಾ ಹೇಳಿದರು. ನಿಮ್ಮಲ್ಲಿ ಯಾರಾದರೂ ಈ ಸ್ಥಿತಿಯಲ್ಲಿ ಪ್ರಸಂಗ ಮಾಡಿದ್ದೀರಾ? ನಾನು ಬೇರೆಯವರಿಗೆ ಬಿಟ್ಟುಕೊಡಲಾ?

ನಿವೃತ್ತ ಸಭಾಪಾಲಕ, ಉಡುಪಿ:

ಬಿಟ್ಟುಕೊಡಬೇಡ ತಮ್ಮಾ. ಯೋನನನ್ನೂ ದೇವರು ಬದಲಾಯಿಸಲಿಲ್ಲ. ಸಿಟ್ಟಿನಲ್ಲಿದ್ದವನನ್ನೇ ಕಳಿಸಿದ, ಸಿಟ್ಟಿನಲ್ಲಿದ್ದವನ ಜೊತೆಯೇ ಕೂತು ಮಾತಾಡಿದ. ನೆರಳಿಗೆ ಗಿಡ ಕೊಟ್ಟ, ಹುಳ ಕಳಿಸಿದ, ಬಿಸಿಗಾಳಿ ಕಳಿಸಿದ. ಒಂದು ಊರನ್ನು ಉಳಿಸಿದ ಮೇಲೆ ದೇವರಿಗೆ ಇನ್ನೂ ಒಬ್ಬ ಪ್ರಸಂಗಿಯ ಚಿಂತೆ ಇತ್ತು. ಆ ಗುಡಿಸಲ ಕಥೆಯನ್ನು ನಿನ್ನದೇ ಎಂದು ಹೇಳು. ಬೇಲಿಯ ವಿಷಯ, ಹೆಸರು ಏನೂ ಬೇಡ. ಅವರನ್ನು ಎಲ್ಲರ ಮುಂದೆ ನಿಲ್ಲಿಸಿದ ಹಾಗಾಗುತ್ತದೆ. ನಾನೂ ಗುಡಿಸಲಲ್ಲಿ ಕೂತವನು ಎಂದರೆ ಸಾಕು.

ಮತ್ತೆ ಪ್ರಸಂಗಕ್ಕೆ ಮುಂಚೆ ಅವರ ಮನೆಗೆ ಒಂದು ಸಲ ಹೋಗಿ ಬಾ. ಹೋಗಿ ಏನು ಹೇಳಬೇಕು ಎಂದು ಕೇಳಬೇಡ. ಹೋಗು.

ಹುಬ್ಬಳ್ಳಿಯ ಒಬ್ಬ ಅಕ್ಕ:

ತಮ್ಮಾ, ನೀವು ಇದನ್ನು ಇಲ್ಲಿ ಬರೆದಿರಲ್ಲ, ನನ್ನ ತಮ್ಮನ ಮಣ್ಣಿನಲ್ಲಿ ಮಾತಾಡಿದವರ ಬಗ್ಗೆ ಮೊದಲ ಸಲ ಬೇರೆ ಥರ ಯೋಚಿಸಿದೆ. ಅವರ ಮನೆಯಲ್ಲೂ ಯಾರಾದರೂ ಕುಡಿಯುತ್ತಿದ್ದರೇನೋ. ಕ್ಷಮಿಸಿದ್ದೇನೆ ಎಂದು ಹೇಳುತ್ತಿಲ್ಲ, ಬೀದರಿನವರ ಅಜ್ಜನ ಹಾಗೆಯೇ.

ಒಂದು ಬೇಡಿಕೆ. 4:11ರಲ್ಲಿ ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನ ಎಂದಿದೆ. ಆ ವಾಕ್ಯವನ್ನು ನಿಧಾನವಾಗಿ ಓದಿ. ಕುಡಿದವರಿಗೂ ಎಡ ಬಲ ತಿಳಿಯುವುದಿಲ್ಲ.

ಸೆಮಿನರಿ ವಿದ್ಯಾರ್ಥಿನಿ, ಬೆಂಗಳೂರು:

ಮತ್ತು ಬಹಳ ದನಕರುಗಳು ಎಂಬ ಮಾತನ್ನು ಬಿಡಬೇಡಿ. ಪುಸ್ತಕ ಅದರಲ್ಲೇ ಮುಗಿಯುತ್ತದೆ, ಪ್ರಶ್ನೆಯಾಗಿ. ಯೋನ ಏನು ಉತ್ತರ ಕೊಟ್ಟ ಎಂದು ಇಲ್ಲ. ಲೂಕ 15ರಲ್ಲಿ, ದಾರಿ ತಪ್ಪಿದ ತಮ್ಮ ಮರಳಿ ಬಂದದ್ದಕ್ಕೆ ಸಿಟ್ಟಾಗಿ ಅಂಗಳದಲ್ಲಿ ನಿಂತ ಹಿರಿಮಗ ಒಳಗೆ ಹೋದನಾ ಎಂದೂ ಇಲ್ಲವಲ್ಲ, ಹಾಗೆ. ಸಹಾಯ ಮಾಡಲು ಉತ್ತರ ಸೇರಿಸಿಬಿಡಬೇಡಿ ಅಣ್ಣಾ.

ಮೂಡಿಗೆರೆಯ ಸಭಾ ಹಿರಿಯ:

ಹೋಗಿ ಬಂದೆ. ಭಾನುವಾರ ಸಂಜೆ ಹೋದೆ. ಅವರು ಗಾಬರಿಯಾದರು, ಯಾಕೆ ಬಂದೆ ಎಂದು ಕೇಳಿದರು. ಸುಮ್ನೆ ಬಂದೆ ಎಂದೆ. ಕಾಫಿ ಕೊಟ್ಟರು. ಅವರ ಹೆಂಡತಿಗೆ ಮೊಣಕಾಲು ನೋವು, ಮಗ ಫೋನ್ ಮಾಡುವುದಿಲ್ಲವಂತೆ. ಬೇಲಿಯ ಮಾತು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಬರುವಾಗ ಗೇಟಿನವರೆಗೆ ಬಂದರು.

ಅಯ್ಯನವರ ಹತ್ತಿರ ಮಾತಾಡಿದೆ. ಎರಡು ಭಾನುವಾರದ ಬದಲು ಮೂರು ಕೇಳಿದೆ. ಮೊದಲನೆಯದು ಯೋನ 3, ಎರಡನೆಯದು ಯೋನ 4, ಮೂರನೆಯದು ನಹೂಮ. ನಹೂಮನ ಮೇಲೆ ಪ್ರಸಂಗ ಕೇಳಿದ ನೆನಪು ಅವರಿಗೂ ಇಲ್ಲವಂತೆ, ಒಪ್ಪಿಕೊಂಡರು. ಬೀದರಿನ ಅಣ್ಣ, ಆ ಭಾನುವಾರ ಆರಾಧನೆಯ ಶುರುವಿನಲ್ಲಿ 96ನೇ ಕೀರ್ತನೆ ಓದಿಸುತ್ತೇನೆ. ನಿಮ್ಮ ಅಜ್ಜ ಬಾಯಿಪಾಠ ಮಾಡಿದ್ದು ಎಂದು ಹೇಳಬಹುದಾ? ಊರು, ಹೆಸರು ಹೇಳುವುದಿಲ್ಲ.

ಬೀದರಿನಿಂದ:

ಹೇಳಿ ಅಣ್ಣಾ. ಅಜ್ಜ ಕುರಿ ಕಾಯುತ್ತಾ ಕಲಿತದ್ದು ಎಂದೂ ಹೇಳಿ.

ನಹೂಮ ಪೂರ್ತಿ ಓದಿದೆ ಇವತ್ತು, ಮೂರೇ ಅಧ್ಯಾಯ. ಅದೂ ಪ್ರಶ್ನೆಯಲ್ಲೇ ಮುಗಿಯುತ್ತದೆ ನೋಡಿದಿರಾ? ನಿನ್ನ ಕೇಡು ಯಾರನ್ನು ತಾನೆ ಬಿಟ್ಟಿತ್ತು ಎಂದು. ನಿನೆವೆಯ ಎರಡು ಪುಸ್ತಕ, ಎರಡರ ಕೊನೆಯಲ್ಲೂ ಪ್ರಶ್ನೆ. ಮೂರನೇ ಭಾನುವಾರ ಎರಡನ್ನೂ ಒಂದರ ಹಿಂದೆ ಒಂದು ಓದಿಸಿ. ಮೊದಲು ನಹೂಮನದು, ಆಮೇಲೆ ಯೋನನದು. ಓದುವುದಕ್ಕೆ ಇಬ್ಬರನ್ನು ನಿಲ್ಲಿಸಿ, ಒಬ್ಬರೇ ಬೇಡ.

ಮೂಡಿಗೆರೆಯ ಸಭಾ ಹಿರಿಯ:

ಆಯಿತು. ನಹೂಮ ನಾನು ಓದುತ್ತೇನೆ. ಯೋನನ ಕೊನೆಯ ವಾಕ್ಯ ಓದಲು ಮೂರನೇ ಬೆಂಚಿನವರನ್ನು ಕೇಳುತ್ತೇನೆ.